ಐಸ್ ಪಕ್ಕದ ಸೀಟು

ಜನವರಿ ೪, ಭಾನುವಾರ

ಕೋಪ ಬಂದಾಗ ಕೂಗಾಡಬೇಡಿ, ಕೂತು ಬರೆಯಿರಿ ಎಂದು ಬಿ.ಪಿ. ನೋಡುವ ಡಾಕ್ಟರಮ್ಮ ಹೇಳಿದ್ದಾರೆ. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಪುಟ. ಮಾತ್ರೆಯನ್ನಾದರೂ ನೀರು ಕುಡಿದು ನುಂಗಬಹುದು.

ನಿಜ ಹೇಳಬೇಕೆಂದರೆ ನಾನು ಇವತ್ತು ಕುಣಿದಾಡಬೇಕಿತ್ತು. ಗಂಡಸರ ರಾಷ್ಟ್ರೀಯ ಫಿಗರ್ ಸ್ಕೇಟಿಂಗ್ ಚಾಂಪಿಯನ್‌ಶಿಪ್ ಈ ವರ್ಷ ನಮ್ಮೂರಿನ ಐಸ್ ರಿಂಕಿಗೇ ಬರುತ್ತಿದೆ. ಅದರ ಮೇಲೆ ನಮ್ಮ ಮಗಳು ಮರಿಯನ್ನು ಹೂ ಆಯುವ ಮಕ್ಕಳ ಗುಂಪಿಗೆ ಆರಿಸಿದ್ದಾರೆ. ಒಬ್ಬೊಬ್ಬ ಆಟಗಾರನ ಸರದಿ ಮುಗಿದಾಗಲೂ ನಮ್ಮಂಥ ಅಭಿಮಾನಿಗಳು ಐಸ್ ಮೇಲೆ ಹೂವು, ಗೊಂಬೆ ಎಸೆಯುತ್ತೇವೆ. ಮುಂದಿನವನು ಇಳಿಯುವಷ್ಟರಲ್ಲಿ ಈ ಮಕ್ಕಳು ಸ್ಕೇಟ್ ಮಾಡುತ್ತಲೇ ಅವನ್ನೆಲ್ಲ ಬಾಚಿಕೊಂಡು ಬರಬೇಕು. ಒಂದು ಎಸಳು ಉಳಿದರೂ ಮುಂದಿನವನ ಕಾಲು ಹೋಯಿತು ಎಂದೇ ಲೆಕ್ಕ. ನನ್ನ ಹದಿಮೂರು ವರ್ಷದ ಮಗಳು ಆ ಕೆಲಸಕ್ಕೆ! ಭಾನುವಾರ ಅವಳು ನನ್ನ ಪಾಲು. ಬಾಗಿಲಲ್ಲೇ ನಿಂತು ಸುದ್ದಿ ಹೇಳಿದಳು.

"ಇನ್ನೊಂದು ವಿಷಯ ಅಪ್ಪ. ನಮ್ಮ ಬೆಂಚಿನ ಹಿಂದೇನೇ ಮನೆಯವರಿಗೆ ಒಂದು ಸೀಟು ಕೊಡ್ತಾರೆ. ಐಸ್ ಪಕ್ಕಾನೇ."

"ಒಂದೇನಾ?"

"ಒಂದೇ."

"ಸರಿ, ನನ್ನ ದಪ್ಪ ಸ್ವೆಟರ್ ತೆಗೆದಿಡ್ತೀನಿ."

ಅವಳು ಶೂ ದಾರ ಬಿಚ್ಚುತ್ತಾ, "ನೋಡೋಣ ಅಪ್ಪ" ಎಂದಳು.

ನೋಡೋಣವಂತೆ! ಎಂಟು ವರ್ಷದಿಂದ ಪ್ರತಿ ಚಾಂಪಿಯನ್‌ಶಿಪ್ಪನ್ನೂ ನಾವಿಬ್ಬರೇ ಒಟ್ಟಿಗೆ ಕೂತು ನೋಡಿದ್ದೇವೆ, ಟಿವಿಯಲ್ಲೋ, ರೈಲು ಹಿಡಿದು ಹೋಗಿಯೋ. ಅವಳದೊಂದು ಅಭ್ಯಾಸವಿದೆ. ಆಟಗಾರ ಜಿಗಿಯಲು ಸಜ್ಜಾದ ಕೂಡಲೇ ನನ್ನ ಕಿರುಬೆರಳು ಹಿಡಿಯುತ್ತಾಳೆ. ಅವನ ಕಾಲು ಸರಿಯಾಗಿ ಐಸ್ ಮುಟ್ಟಿದರೆ ಬಿಡುತ್ತಾಳೆ, ಬಿದ್ದರೆ ತಿರುಚುತ್ತಾಳೆ. ಎಷ್ಟೋ ಚಾಂಪಿಯನ್‌ಶಿಪ್ಪುಗಳ ನಂತರ ನನ್ನ ಬೆರಳು ಊದಿಕೊಂಡಿದೆ. ಅಂಥದ್ದರಲ್ಲಿ ಈ ಸೀಟು ಯಾರದು ಎಂದು 'ನೋಡಬೇಕು'.

ಈ 'ನೋಡೋಣ'ದ ಹಿಂದೆ ಯಾರಿದ್ದಾನೆಂದು ನನಗೆ ಗೊತ್ತು. ಹಾಸಿಗೆಯವನು. ಮರಿಯ ಅಮ್ಮ ಕಳೆದ ಬೇಸಿಗೆಯಲ್ಲಿ ಮದುವೆಯಾದದ್ದು ಹಾಸಿಗೆ, ದಿಂಬು ಮಾರುವ ಅಂಗಡಿಯವನನ್ನು. ನಾವು ಬೇರೆಯಾಗಿ ವರ್ಷಗಳೇ ಆದವು, ಅವಳು ಯಾರನ್ನು ಕಟ್ಟಿಕೊಂಡರೂ ನನಗೇನೂ ಇಲ್ಲ. ಆದರೆ ಮಗಳು ಆ ಮದುವೆಗೆ ನಾನು ಕೊಟ್ಟ ಉಡುಗೊರೆಯಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಅವನ ಅಂಗಡಿ ತುಂಬ ಹಾಸಿಗೆ, ಅದಕ್ಕೇ ಎಲ್ಲಿ ಬೇಕಾದರಲ್ಲಿ ಕಾಲು ಚಾಚುತ್ತಾನೆ.

ಒಂದು ಸಮಾಧಾನವಿದೆ. ನನಗೆ 'ನೀನು' ಎನ್ನುತ್ತಾಳೆ. ಅವನು ಇನ್ನೂ 'ಅಂಕಲ್, ನೀವು'.

ಜನವರಿ ೬, ಮಂಗಳವಾರ

ಇವತ್ತು ಅವನು ನನ್ನ ಅಂಗಡಿಗೇ ಬಂದ. ಊರಲ್ಲಿ ಬೇರೆ ಕನ್ನಡಕದ ಅಂಗಡಿಯೇ ಇಲ್ಲವೇ?

ಬಾಗಿಲು ಪೂರ್ತಿ ತುಂಬಿಕೊಂಡು ನಿಂತು, "ಬಿಡುವಿದೆಯಾ ಸಾರ್?" ಎಂದ. ಮೈಯೂ ಮೆತ್ತಗೆ, ಮಾತೂ ಮೆತ್ತಗೆ. ಗುದ್ದಿದರೆ ಕೈ ಒಳಗೆ ಹೋಗಿಬಿಡುತ್ತದೆ.

"ಕಣ್ಣು ನೋಡಿಸಬೇಕಿತ್ತು. ಮರಿ ಹೇಳಿದ್ಲು, ನಮ್ಮಪ್ಪನಷ್ಟು ಚೆನ್ನಾಗಿ ಯಾರೂ ಮಾಡಲ್ಲ ಅಂತ."

ಮರಿ! ಅದು ನಾನು ಇಟ್ಟ ಹೆಸರು. ಹುಟ್ಟಿದ ದಿನ, ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಇಟ್ಟದ್ದು. ಹೆಂಗಸನ್ನು ಕರೆದುಕೊಂಡು ಹೋಗಲಿ, ಹೆಸರನ್ನೂ ಎತ್ತಿಕೊಂಡು ಹೋಗಬೇಕೇ?

ಕುರ್ಚಿಯ ಮೇಲೆ ಕೂರಿಸಿ ಗೋಡೆಯ ಅಕ್ಷರಗಳನ್ನು ಓದಿಸಿದೆ. ಎರಡನೆಯ ಸಾಲಿಗೇ ನಿಂತುಬಿಟ್ಟ. "ಓದಲಾ, ಊಹಿಸಲಾ ಸಾರ್?" ಎಂದು ಕೇಳಿದ. ಎರಡೂ ಕಣ್ಣಿಗೆ ಮೈನಸ್ ಎರಡರ ಹತ್ತಿರ, ಎಡಗಣ್ಣಿಗೆ ಓರೆ ನಂಬರು ಬೇರೆ.

"ಇಷ್ಟು ದಿನ ಹೇಗೆ ಕಾಲ ತಳ್ಳಿದ್ರಿ?"

"ಹಾಸಿಗೆ ವ್ಯಾಪಾರದಲ್ಲಿ ದೂರ ನೋಡೋ ಕೆಲಸ ಇಲ್ಲ ಸಾರ್. ಎಲ್ಲ ಮುಟ್ಟಿ ನೋಡೋದೇ." ಆಮೇಲೆ ಸ್ವಲ್ಪ ನಾಚಿಕೊಂಡು ಹೇಳಿದ, "ಮರಿ ಪ್ರಾಕ್ಟೀಸ್ ಮಾಡೋವಾಗ ಹೋಗ್ತೀನಲ್ಲ, ನಂಗೆ ಬರೀ ಬಣ್ಣ ಓಡಾಡ್ದ ಹಾಗೆ ಕಾಣುತ್ತೆ. ಯಾವುದು ಅವಳು ಗೊತ್ತಾಗಲ್ಲ. ಅದಕ್ಕೇ ಎಲ್ಲರಿಗೂ ಕೈ ಬೀಸ್ತೀನಿ."

ನಗು ಬಂತು, ತಡೆದುಕೊಂಡೆ. ಅವನ ಅಳತೆಯ ಲೆನ್ಸ್ ತಯಾರಿರುವುದಿಲ್ಲ, ತರಿಸಬೇಕು. ಒಂದು ವಾರ ಎಂದೆ. ಚಾಂಪಿಯನ್‌ಶಿಪ್ಪಿಗೆ ಮೊದಲು ಸಿಕ್ಕರೆ ಸಾಕು ಸಾರ್ ಎಂದ.

ಅಲ್ಲಿಗೆ ಗೊತ್ತಾಯಿತು, ಅವನ ಕಣ್ಣೂ ಆ ಸೀಟಿನ ಮೇಲೆಯೇ ಇದೆ. ಕಾಣದ ಕಣ್ಣು.

ಜನವರಿ ೯, ಶುಕ್ರವಾರ

ಮರಿ ಫೋನ್ ಮಾಡಿದ್ದಳು. ಈ ಸಲ ಅವಳು ಅಜ್ಜನ ಕಡೆ ಇಲ್ಲವಂತೆ, ಬುಗುರಿಯ ಕಡೆಯಂತೆ.

ಅಜ್ಜ ಎಂದರೆ ಅಜ್ಜನೇನಲ್ಲ. ಮೂವತ್ತು ವರ್ಷದ ಆಟಗಾರ, ನಾಲ್ಕು ಸಲ ಚಾಂಪಿಯನ್. ಮೂವತ್ತಾಯಿತೆಂದರೆ ಈ ಆಟದಲ್ಲಿ ಮೊಣಕಾಲು ಕಟಕಟ ಅನ್ನುತ್ತದೆ, ಅದಕ್ಕೇ ಅಪ್ಪ ಮಗಳು ಸೇರಿ ಇಟ್ಟ ಹೆಸರು. ಅವನ ಜಿಗಿತಕ್ಕಿಂತ ಜಿಗಿತದ ನಡುವಿನ ಓಟ ಚೆಂದ. ಐಸನ್ನು ಗೀರುವುದಿಲ್ಲ, ಸವರುತ್ತಾನೆ. ಬುಗುರಿ ಎಂಬುವವನು ಹತ್ತೊಂಬತ್ತರ ಹುಡುಗ. ಗಾಳಿಯಲ್ಲಿ ನಾಲ್ಕು ಸುತ್ತು ಸುತ್ತುತ್ತಾನೆ, ಮತ್ತೆ ನಾಲ್ಕು ಸುತ್ತುತ್ತಾನೆ, ಅಷ್ಟೇ. ಸುತ್ತುವುದು ಫ್ಯಾನೂ ಸುತ್ತುತ್ತದೆ.

"ಯಾಕೆ ಮರಿ, ಅಜ್ಜ ಏನ್ ಮಾಡಿದ ನಿಂಗೆ?"

"ಏನಿಲ್ಲಪ್ಪ. ಬುಗುರಿ ಚೆನ್ನಾಗಿ ಆಡ್ತಾನೆ. ಅಂಕಲ್‌ಗೂ ಅವನೇ ಇಷ್ಟ."

"ಅವರಿಗೆ ಕಣ್ಣೇ ಕಾಣಲ್ಲ, ಇಷ್ಟ ಎಲ್ಲಿಂದ ಬಂತು?"

"ಹಳದಿ ಅಂಗಿ ಹಾಕ್ತಾನಲ್ಲ, ಅದಕ್ಕೆ ಕಾಣ್ತಾನಂತೆ" ಎಂದಳು.

ನನಗೆ ಹೊಟ್ಟೆಕಿಚ್ಚಿಲ್ಲ. ಎದೆಯುರಿ ಅಷ್ಟೇ. ಊಟ ತಡವಾಗಿ ಮಾಡಿದ್ದಕ್ಕೆ ಇರಬೇಕು.

ಜನವರಿ ೧೩, ಮಂಗಳವಾರ

ಹಾಸಿಗೆಯವನ ಲೆನ್ಸ್ ಬಂತು. ಕೆಲಸ ಬಹಳ ಇದೆ. ಕೆಳಗಿನ ಟ್ರೇಯಲ್ಲಿ ಇಟ್ಟಿದ್ದೇನೆ.

ಜನವರಿ ೧೫, ಗುರುವಾರ

ಮೇಲಿನ ಸಾಲಿನ ಟ್ರೇಗಳು ತುರ್ತು ಕೆಲಸಕ್ಕೆ, ನಡುವಿನವು ಈ ವಾರದ ಕೆಲಸಕ್ಕೆ, ಕೆಳಗಿನವು ನಿಧಾನದ ಕೆಲಸಕ್ಕೆ. ಕೆಳಗಿನ ಸಾಲಿನಲ್ಲಿ, ಮಾಡಿಸಿಕೊಂಡು ಮತ್ತೆ ಬಾರದವರ ಕನ್ನಡಕಗಳೂ ಇವೆ. ಇದು ನನ್ನ ಅಂಗಡಿಯ ಪದ್ಧತಿ, ಇವತ್ತಿನದಲ್ಲ.

ಮಧ್ಯಾಹ್ನ ಹಾಸಿಗೆಯವನು ಬಂದು, "ಬಂತಾ ಸಾರ್?" ಎಂದ.

"ಇಲ್ಲ. ಕಂಪನಿಯವರು ತಡ ಮಾಡ್ತಿದ್ದಾರೆ."

ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವನು ಜಗಳವಾದರೂ ಆಡಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಕೌಂಟರ್ ಗುದ್ದಿ, ದುಡ್ಡು ವಾಪಸ್ ಕೊಡಿ ಎನ್ನುತ್ತಿದ್ದರು. ಇವನು, "ಪರವಾಗಿಲ್ಲ ಸಾರ್, ನಿಮ್ಮ ಕೈಲಿ ಏನಿದೆ?" ಎಂದು ಹೇಳಿ ಹೋದ. ಟ್ರೇ ನನ್ನ ಕಾಲ ಬಳಿಯೇ ಇತ್ತು.

ಏನು ಮಹಾ ಆಗಿಹೋಗುತ್ತದೆ? ಇಷ್ಟು ವರ್ಷ ಕಾಣದೆ ಬದುಕಿದವನು ಇನ್ನೊಂದು ವಾರ ಬದುಕುತ್ತಾನೆ. ನೋಡಲಾಗದವನು ಅಲ್ಲಿ ಹೋಗಿ ಮಾಡುವುದಾದರೂ ಏನು, ಮನೆಯಲ್ಲಿರುತ್ತಾನೆ. ಸೀಟು ತಾನಾಗಿಯೇ ಅದರ ಯಜಮಾನನ ಹತ್ತಿರ ಬರುತ್ತದೆ.

ಜನವರಿ ೧೭, ಶನಿವಾರ

ಮರಿ ಪ್ರಾಕ್ಟೀಸ್ ಮುಗಿಸಿ ಅಂಗಡಿಗೆ ಬಂದಿದ್ದಳು. ಬಂದರೆ ಕೈ ಸುಮ್ಮನಿರುವುದಿಲ್ಲ ಅವಳಿಗೆ, ಬಟ್ಟೆ ತೆಗೆದುಕೊಂಡು ಶೋಕೇಸು, ಕನ್ನಡಿ, ಟ್ರೇ ಎಲ್ಲ ಒರೆಸುತ್ತಾಳೆ.

"ಕೆಳಗಿನ ಸಾಲು ಬಿಡು ಮರಿ, ಅಲ್ಲಿ ಧೂಳಿಲ್ಲ."

"ಧೂಳಿರೋದೇ ಅಲ್ಲಿ ಅಪ್ಪ" ಎಂದು ಕೂತೇಬಿಟ್ಟಳು.

ಅಷ್ಟರಲ್ಲಿ ಒಬ್ಬಳು ಮುದುಕಿ ಕನ್ನಡಕದ ಮುರಿದ ಕಡ್ಡಿ ಹಿಡಿದುಕೊಂಡು ಬಂದಳು, ಅವಳ ಜೊತೆ ಅರ್ಧ ಗಂಟೆ ಹೋಯಿತು. ತಿರುಗಿ ನೋಡಿದರೆ ಮರಿ ಒರೆಸಿ ಮುಗಿಸಿ ಕಿಟಕಿ ಹತ್ತಿರ ನಿಂತಿದ್ದಳು. ಬಿಸ್ಕತ್ತು ಬೇಡವೆಂದಳು. ಚಹಾ ಬೇಡವೆಂದಳು. ಪ್ರಾಕ್ಟೀಸಿನ ಸುಸ್ತು. ಈ ಕೋಚುಗಳು ಮಕ್ಕಳನ್ನು ಗಾಣದ ಎತ್ತಿನ ಹಾಗೆ ದುಡಿಸುತ್ತಾರೆ.

ಜನವರಿ ೧೮, ಭಾನುವಾರ

ಸೀಟು ಅವನಿಗೆ ಹೋಯಿತು.

ಊಟಕ್ಕೆ ಕೂತಾಗ ಹೇಳಿದಳು, ತಟ್ಟೆ ನೋಡುತ್ತಾ. "ಅಪ್ಪ, ಪಾಸನ್ನ ಅಂಕಲ್‌ಗೆ ಕೊಟ್ಟೆ."

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಯಾಕೆ?"

"ಅವರಿಗೆ ಕನ್ನಡಕ ಬಂದಿಲ್ವಲ್ಲ. ದೂರದಿಂದ ಕಾಣಲ್ಲ. ನಿಂಗೆ ಎಲ್ಲಿ ಕೂತ್ರೂ ಕಾಣುತ್ತೆ."

ಅಷ್ಟು ಹೇಳಿ ತಲೆಯೆತ್ತಿ ನನ್ನ ಮುಖ ನೋಡಿದಳು. ಏನಾದರೂ ಹೇಳುತ್ತೇನೆಂದು ಕಾಯುತ್ತಿರುವ ಹಾಗೆ ಬಹಳ ಹೊತ್ತು ನೋಡಿದಳು. "ಸಾರು ಹಾಕ್ಕೋ" ಎಂದೆ.

ಜನವರಿ ೧೯, ಸೋಮವಾರ

ಮಾಡಿದ್ದುಣ್ಣೋ ಮಹರಾಯ.

ಲೆನ್ಸ್ ಬಂದಿದೆ ಎಂದು ಈಗ ಹೇಳಿದರೆ ಯಾವಾಗ ಬಂತು ಎಂದು ಕೇಳುತ್ತಾಳೆ. ಹೇಳದಿದ್ದರೆ ಅವನು ಐಸ್ ಪಕ್ಕ, ನಾನು ಅಟ್ಟದ ಮೇಲೆ. ಗ್ಯಾಲರಿಯ ಕೊನೆಯ ಸಾಲಿನಲ್ಲಿ ಒಂದು ಟಿಕೆಟ್ ಸಿಕ್ಕಿತು. ಕೊಡುವವಳು, "ಅಲ್ಲಿಂದ ಸ್ವಲ್ಪ ಚಿಕ್ಕದಾಗಿ ಕಾಣುತ್ತೆ ಸಾರ್, ಕನ್ನಡಕ ತನ್ನಿ" ಎಂದಳು. ನನಗೆ ಹೇಳುತ್ತಾಳೆ!

ಜನವರಿ ೨೨, ಗುರುವಾರ

ಮೊದಲ ದಿನದ ಆಟ ಮುಗಿಯಿತು. ಇವತ್ತು ಚಿಕ್ಕದು, ಶನಿವಾರ ದೊಡ್ಡದು, ಎರಡರ ಅಂಕ ಕೂಡಿಸಿ ಚಾಂಪಿಯನ್. ಬೇರೆಯವರಿಗಾದರೆ ಇಷ್ಟು ಬರೆದರೆ ಸಾಕು. ನನಗೆ ಸಾಲದು. ಎಲ್ಲ ಬರೆಯುತ್ತೇನೆ, ಡಾಕ್ಟರಮ್ಮನಿಗೆ ತೋರಿಸುವುದಿಲ್ಲ.

ನನ್ನ ತಲೆಯ ಮೇಲೆಯೇ ಹೀಟರಿನ ಪೈಪು, ಕಾಲ ಕೆಳಗೆ ಥಂಡಿ. ತಲೆ ಬೇಯುತ್ತಿದೆ, ಪಾದ ಮರಗಟ್ಟಿದೆ. ಪಕ್ಕದಲ್ಲಿ ಉಲ್ಲನ್ ಹೆಣೆಯುವ ಒಬ್ಬಾಕೆ, ಅವರೂ ಅಜ್ಜನ ಕಡೆ. ಕೆಳಗೆ ನೋಡಿದರೆ ಹಾಸಿಗೆಯವನು ಮನೆಯಿಂದ ದಿಂಬು ತಂದಿದ್ದಾನೆ! ತನಗೊಂದು ಮಾತ್ರವಲ್ಲ, ಹೂ ಆಯುವ ಮಕ್ಕಳ ಬೆಂಚಿಗೂ ಸಾಲಾಗಿ. ಮಕ್ಕಳೆಲ್ಲ ಮಹಾರಾಜರ ಹಾಗೆ ಕೂತಿದ್ದರು. ಎಂಟು ವರ್ಷ ಇವಳನ್ನು ರಿಂಕುಗಳ ತಣ್ಣನೆಯ ಬೆಂಚಿನ ಮೇಲೆ ಕೂರಿಸಿದೆನಲ್ಲ, ಒಂದು ದಿನ ನನಗಿದು ಹೊಳೆಯಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

ಅವನಿಗೆ ಅಲ್ಲಿಂದಲೂ ಕಾಣುತ್ತಿರಲಿಲ್ಲ. ಆಟಗಾರ ಹತ್ತಿರ ಬಂದಾಗ ಸರಿ, ಆಚೆ ಬದಿಗೆ ಹೋದರೆ ಕಣ್ಣು ಕಿರಿದು ಮಾಡಿ ಕತ್ತು ಚಾಚುತ್ತಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ ಮೇಲೆ ತಟ್ಟುತ್ತಿದ್ದ. ನೋಡಿ ಮೊದಲು ಖುಷಿಯಾಯಿತು. ಆಮೇಲೆ ಮರಿ ಮಾಡಿದ್ದು ನೋಡಿ ಖುಷಿಯೆಲ್ಲ ಇಳಿದುಹೋಯಿತು. ಹಿಂದಕ್ಕೆ ತಿರುಗಿ ಅವನ ಕಿವಿಯಲ್ಲಿ ಹೇಳುತ್ತಿದ್ದಳು. ಈಗ ಓಡಿ ಬರ್ತಿದ್ದಾನೆ, ಈಗ ತಿರುಗಿದ, ಇದು ಆಕ್ಸೆಲ್, ಇದೊಂದನ್ನೇ ಮುಂದಕ್ಕೆ ಮುಖ ಮಾಡಿ ಹಾರೋದು. ಇಷ್ಟು ದೂರದಿಂದ ಕೇಳಿಸಲಿಲ್ಲ, ನಿಜ. ಕೇಳಿಸಬೇಕಾಗಿಯೂ ಇಲ್ಲ. ಆ ಮಾತುಗಳೆಲ್ಲ ನನ್ನವೇ. ಅವಳು ಐದು ವರ್ಷದವಳಿದ್ದಾಗ ನಾನು ಅವಳ ಕಿವಿಯಲ್ಲಿ ಹೇಳಿದ್ದು.

ಬುಗುರಿಯ ಮೊದಲು ಅಜ್ಜನ ಸರದಿ. ಅಜ್ಜ ಆಕ್ಸೆಲ್‌ಗೆ ಸಜ್ಜಾದ. ನಾನು ಅಜ್ಜನನ್ನು ನೋಡಬೇಕಿತ್ತು, ನೋಡಿದ್ದು ಆ ಬೆಂಚನ್ನು. ಮರಿಯ ಕೈ ಹಿಂದಕ್ಕೆ ಹೋಯಿತು. ಅವನ ದಪ್ಪ ಕಿರುಬೆರಳನ್ನು ಹಿಡಿಯಿತು.

ನನ್ನ ಕಣ್ಣು ಚೆನ್ನಾಗಿದೆ. ಅದೇ ನನ್ನ ಕರ್ಮ.

ಅಜ್ಜ ಸರಿಯಾಗಿ ಇಳಿದನಂತೆ. ಇಡೀ ಗ್ಯಾಲರಿ ಎದ್ದು ನಿಂತಾಗ ಗೊತ್ತಾಯಿತು. ಹೂವು, ಗೊಂಬೆ ಸುರಿದವು. ಮರಿ ತೋಳು ತುಂಬ ಬಾಚಿಕೊಂಡು ಹೋದಳು. ಅಜ್ಜ ಹೊರಗೆ ಹೋಗುತ್ತಿದ್ದವನು ಬಾಗಿಲ ಹತ್ತಿರ ನಿಂತ, ವಾಪಸ್ ಬಂದ, ಬಗ್ಗಿ ಐಸ್ ಮೇಲಿಂದ ಏನೋ ಆಯ್ದ. ರಿಬ್ಬನ್ನಿನ ಚೂರೋ, ಗೊಂಬೆಯ ಕಣ್ಣೋ, ಯಾರಿಗೂ ಕಾಣದ್ದು. ಮರಿ ಬಿಟ್ಟುಬಂದದ್ದು. ಅದನ್ನು ಅವಳ ಕೈಗೆ ಕೊಟ್ಟು ತಲೆ ಸವರಿ ಹೋದ. ಆಮೇಲೆ ಐಸ್‌ಗೆ ಇಳಿದವನು ಬುಗುರಿ.

"ನೋಡಿದ್ರಾ? ಎಂಥ ಮನುಷ್ಯ!" ಎಂದು ಉಲ್ಲನ್‌ನವರು ಕಣ್ಣೊರೆಸಿಕೊಂಡರು.

"ಎಂಥ ದಡ್ಡ ಅನ್ನಿ" ಎಂದೆ. ಬೇಕಿತ್ತಾ ಅವನಿಗೆ? ಸುಮ್ಮನೆ ಹೋಗಿದ್ದರೆ ಆಗುತ್ತಿರಲಿಲ್ಲವೇ? ತಪ್ಪು ಅವನದಲ್ಲ, ಕೇಳುವವರೂ ಇಲ್ಲ. ಬುಗುರಿಯ ಬ್ಲೇಡು ಅದಕ್ಕೆ ತಗುಲಿದ್ದರೆ ಐದನೆಯ ಸಲವೂ ಇವನೇ ಚಾಂಪಿಯನ್. ಅವನಿಗೆ ಬೇಕಾದದ್ದು ಗೆಲುವೋ, ಸ್ವಚ್ಛವಾದ ಐಸೋ?

ಇವತ್ತಿಗೆ ಅಜ್ಜನೇ ಮುಂದೆ, ಕೂದಲೆಳೆಯಷ್ಟು. ಬುಗುರಿ ಬೀಳಲಿಲ್ಲ.

ಜನವರಿ ೨೩, ಶುಕ್ರವಾರ

ಹಾಸಿಗೆಯವನ ಕನ್ನಡಕ ಮಾಡಿದೆ.

ಕರುಣೆಯಿಂದಲ್ಲ. ಅವಳು ಅವನ ಕಿವಿಯಲ್ಲಿ ಪಿಸುಗುಟ್ಟುವುದು ನಿಲ್ಲಬೇಕು, ಅಷ್ಟೇ. ಕಣ್ಣು ಕಂಡರೆ ತಾನೇ ನೋಡಿಕೊಳ್ಳುತ್ತಾನೆ, ಬೆರಳು ಯಾಕೆ ಬೇಕು? ಇದು ಮೊದಲೇ ಹೊಳೆಯಬೇಕಿತ್ತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಲೆನ್ಸಿನ ಅಂಚು ಮೊದಲ ಸಲ ಸ್ವಲ್ಪ ಒರಟಾಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಮತ್ತೆ ಉಜ್ಜಿದೆ. ಮೂಗಿನ ಮೇಲೆ ಕೂರುವ ಮೆತ್ತೆ ಗಟ್ಟಿಯೆನಿಸಿತು, ಒಳ್ಳೆಯದು ಹಾಕಿದೆ. ಅಂಗಡಿಯ ಹೆಸರು ಹಾಳಾಗಬಾರದಲ್ಲ. ಊಟ ಮರೆತೇಹೋಯಿತು.

ಜನವರಿ ೨೪, ಶನಿವಾರ

ಎಲ್ಲಿಂದ ಶುರು ಮಾಡಲಿ?

ಕೊನೆಯ ಗುಂಪಿಗೆ ಮೊದಲು ಐಸ್ ಸರಿಮಾಡುವ ಯಂತ್ರ ಬರುತ್ತದೆ, ಆಗ ಒಂದಿಷ್ಟು ಬಿಡುವು. ಕೆಳಗಿಳಿದು ಹೋದೆ. ಹಾಸಿಗೆಯವನು ಕಾರಿಡಾರಿನಲ್ಲಿ ಕಾಫಿ ಹಿಡಿದು ನಿಂತಿದ್ದ. ಕನ್ನಡಕದ ಪೆಟ್ಟಿಗೆ ಚಾಚಿ, "ತಗೊಳ್ಳಿ, ಆಯ್ತು" ಎಂದೆ. ಯಾವಾಗ ಬಂತು, ಎಲ್ಲಿತ್ತು, ಏನೂ ಕೇಳಲಿಲ್ಲ. ಮಗುವಿನ ಹಾಗೆ ಕಣ್ಣಿಗೇರಿಸಿಕೊಂಡ. ಒಂದು ಬದಿ ಮೇಲೆ, ಒಂದು ಬದಿ ಕೆಳಗೆ. ಅವನ ಬಲಗಿವಿ ಎಡಗಿವಿಗಿಂತ ಕೊಂಚ ಎತ್ತರ, ಅವತ್ತೇ ನೋಡಿ ಇಟ್ಟುಕೊಂಡಿರಬೇಕಿತ್ತು.

"ತಡೀರಿ, ಅಲ್ಲಾಡಬೇಡಿ."

ಕಡ್ಡಿಯನ್ನು ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಬಗ್ಗಿಸಿದೆ. ಅವನ ಕಿವಿಯ ಹಿಂದೆ ಕೂದಲು ಸರಿಸಿ ಕೂರಿಸಿದೆ. ಒಬ್ಬರ ಮುಖ ಒಬ್ಬರಿಗೆ ಗೇಣು ದೂರದಲ್ಲಿ. ಇಷ್ಟು ಹತ್ತಿರದಿಂದ ನೋಡಿದವರನ್ನು ಬೈಯುವುದು ಕಷ್ಟ. ಬೆವರುತ್ತಿದ್ದ, ಆ ಥಂಡಿಯಲ್ಲೂ.

"ಈಗ ಅಲ್ಲಿ ನೋಡಿ" ಎಂದೆ.

ಬಾಗಿಲಿನಿಂದ ಐಸ್ ಕಡೆ ನೋಡಿದ. ಆಚೆ ಅಂಚಿನಲ್ಲಿ ಹೂ ಆಯುವ ಮಕ್ಕಳು ಸಾಲಾಗಿ ನಿಂತಿದ್ದರು. ಮೆತ್ತಗೆ ಹೇಳಿದ, "ಎಡಗಡೆಯಿಂದ ಮೂರನೆಯವಳು. ಅಲ್ವಾ ಸಾರ್?"

"ಹೌದು."

"ಕೇಳ್ಬೇಕಾಗೇ ಇಲ್ಲ. ಸೊಂಟದ ಮೇಲೆ ಕೈ ಇಟ್ಕೊಂಡು, ಒಂದು ಕಾಲ ಮೇಲೆ ಭಾರ ಹಾಕಿ ನಿಂತಿದ್ದಾಳೆ. ನೀವು ಕೌಂಟರ್ ಹಿಂದೆ ನಿಲ್ತೀರಲ್ಲ, ಥೇಟ್ ಹಾಗೇ. ಮನೇಲಿ ಹತ್ತಿರದಿಂದ ನೋಡಿ ನೋಡಿ ನಂಗೆ ಇದು ಕಂಡೇ ಇರಲಿಲ್ಲ."

ಸೊಂಟದ ಮೇಲಿದ್ದ ನನ್ನ ಕೈಯನ್ನು ಜೇಬಿಗೆ ಇಳಿಸಿದೆ. ರಿಂಕಿನ ಥಂಡಿ.

ಅವನು ಕತ್ತಿನಿಂದ ಪಾಸು ತೆಗೆದು ನನ್ನ ಕೈಗೆ ಕೊಟ್ಟ. "ನೀವು ಅಲ್ಲಿ ಕೂತ್ಕೊಳ್ಳಿ ಸಾರ್. ಈಗ ನಂಗೆ ಮೇಲಿಂದಲೂ ಕಾಣುತ್ತೆ. ನಿಮ್ಮ ಟಿಕೆಟ್ ಇಲ್ಲಿ ಕೊಡಿ."

ದೊಡ್ಡ ಮನುಷ್ಯನಾಗಿದ್ದರೆ ಬೇಡ ಎನ್ನಬೇಕಿತ್ತು. ನಾನು ಬೇಡ ಎನ್ನಲಿಲ್ಲ. ಎರಡನೆಯ ಸಲ ಹೇಳುವ ಮೊದಲೇ ಹಾಕಿಕೊಂಡೆ.

ದಿಂಬು ಇನ್ನೂ ಬೆಚ್ಚಗಿತ್ತು. ಮರಿ ಬೆಂಚಿಗೆ ಬಂದವಳು ನನ್ನನ್ನು ನೋಡಿ ನಿಂತಳು. ತಲೆಯೆತ್ತಿ ಗ್ಯಾಲರಿಯಲ್ಲಿ ಹುಡುಕಿದಳು. ಅಲ್ಲಿ ಕೊನೆಯ ಸಾಲಿನಿಂದ ಕನ್ನಡಕ ಹಾಕಿದ ಒಬ್ಬ ದಪ್ಪ ಮನುಷ್ಯ ಕೈ ಬೀಸುತ್ತಿದ್ದ. ಈ ಸಲ ಎಲ್ಲರಿಗೂ ಅಲ್ಲ, ನೇರ ಅವಳಿಗೇ. ಅವಳೂ ಬೀಸಿ ನನ್ನ ಮುಂದೆ ಕೂತಳು.

"ಮಾಡಿಕೊಟ್ಯಾ?"

"ಹ್ಞೂಂ. ಲೆನ್ಸ್ ಬಂತಲ್ಲ."

"ಹೋದ ಮಂಗಳವಾರದ ಹಿಂದಿನ ಮಂಗಳವಾರಾನೇ ಬಂದಿತ್ತಲ್ಲ ಅಪ್ಪ."

"ಯಾರು ಹೇಳಿದ್ದು?" ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಟ್ರೇ ಒರೆಸೋವಾಗ ಕವರ್ ನೋಡ್ದೆ. ಮೇಲೆ ಅವರ ಹೆಸರಿತ್ತು, ತಾರೀಖೂ ಇತ್ತು."

ಐಸ್ ಮೇಲೆ ಆಟಗಾರರು ಓಡಾಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಬ್ಲೇಡಿನ ಸದ್ದು ಕಿವಿಯ ಪಕ್ಕದಲ್ಲೇ. ಇದಕ್ಕೇ ಅಲ್ಲವೇ ನಾನು ಈ ಸೀಟಿಗಾಗಿ ಸತ್ತದ್ದು?

"ಅವರಿಗೆ ಹೇಳಿದ್ಯಾ?"

"ಇಲ್ಲ. ಅಮ್ಮಂಗೂ ಹೇಳಿಲ್ಲ. ಕವರ್ ನೋಡಿದ್ದಕ್ಕೇ ಪಾಸ್ ಅವರಿಗೆ ಕೊಟ್ಟೆ." ಸ್ಕೇಟಿನ ದಾರ ಬಿಗಿಯುತ್ತಾ ಹೇಳಿದಳು. "ನೀನು ಮಾಡಿಕೊಡ್ತೀಯ ಅಂತ ಗೊತ್ತಿತ್ತು. ಇಷ್ಟು ಲೇಟ್ ಮಾಡ್ತೀಯ ಅಂತ ಗೊತ್ತಿರಲಿಲ್ಲ."

ಹಿಂತಿರುಗಿ ನೋಡಲಿಲ್ಲ ಅವಳು. ಜಡೆಯನ್ನೇ ನೋಡುತ್ತಾ ಕೂತೆ. ಕೋಪದಿಂದ ಹೇಳಿದ್ದರೆ ತಿರುಗಿ ಬೈಯಬಹುದಿತ್ತು. ನನಗೆ ನಾಚಿಕೆಯಾಯಿತು. ಮಗಳ ಮುಂದೆ, ಮೈಯೆಲ್ಲ ನಾಚಿಕೆ.

ಅಜ್ಜನ ಹೆಸರು ಕೂಗಿದರು. ಸಂಗೀತ ಶುರುವಾಯಿತು. ಹತ್ತಿರದಿಂದ ನೋಡಿದರೆ ಅಜ್ಜನಿಗೆ ನಿಜವಾಗಿಯೂ ವಯಸ್ಸಾಗಿದೆ. ಉಸಿರು ಕೇಳಿಸುತ್ತದೆ, ಕಿವಿಯ ಹಿಂದೆ ಬಿಳಿ ಕೂದಲಿದೆ, ಪ್ರತಿ ತಿರುವಿನಲ್ಲೂ ತುಟಿ ಕಚ್ಚುತ್ತಾನೆ. ಟಿವಿಯಲ್ಲಿ ಇದು ಕಾಣುವುದಿಲ್ಲ. ಮೊದಲ ಜಿಗಿತ ಸರಿಹೋಯಿತು. ಎರಡನೆಯದೂ. ಮರಿಯ ಎರಡೂ ಕೈ ಅವಳ ತೊಡೆಯ ಮೇಲೆಯೇ ಇದ್ದವು.

ಆಮೇಲೆ ಆಕ್ಸೆಲ್. ನಮ್ಮ ಎದುರಿಗೇ ಬಂದ, ಮುಂದಕ್ಕೆ ಮುಖ ಮಾಡಿ, ನಮ್ಮ ಕಡೆಗೇ. ಕಣ್ಣಿನಲ್ಲಿ ಭಯ ಇತ್ತು, ನಾನು ನೋಡಿದೆ. ಈ ಸಲ ಬೆರಳು ಹಿಡಿದದ್ದು ನಾನು. ಬಗ್ಗಿ ಕೈ ಮುಂದೆ ಚಾಚಿ ಅವಳ ಕಿರುಬೆರಳು ಹುಡುಕಿ ಹಿಡಿದುಕೊಂಡೆ. ಐವತ್ತು ದಾಟಿದ ಗಂಡಸು.

ಅಜ್ಜ ಬಿದ್ದ. ಸೊಂಟದ ಮೇಲೆ ಬಿದ್ದು ರಿಂಕಿನ ಅಂಚಿನ ಹಲಗೆಯವರೆಗೆ ಜಾರಿದ. ಮರಿ ಕೈ ಬಿಡಿಸಿಕೊಳ್ಳಲಿಲ್ಲ. ನನ್ನ ಬೆರಳನ್ನು ಸರಿಯಾಗಿ ತಿರುಚಿದಳು, ಇನ್ನೂ ನೋಯುತ್ತಿದೆ.

ಮೇಲಿನಿಂದ ಒಂದೇ ಒಂದು ಚಪ್ಪಾಳೆ ಕೇಳಿಸಿತು, ಎಲ್ಲರಿಗಿಂತ ಮೊದಲು. ತಿರುಗಿ ನೋಡಬೇಕಾಗಿರಲಿಲ್ಲ. ಅಜ್ಜ ಎದ್ದ, ಎದ್ದು ಉಳಿದದ್ದನ್ನೆಲ್ಲ ಆಡಿದ. ಚಾಂಪಿಯನ್ ಆದವನು ಬುಗುರಿ. ನ್ಯಾಯವಾಗಿಯೇ ಗೆದ್ದ. ಅವನ ಓಟವೂ ಪರವಾಗಿಲ್ಲ, ಇಷ್ಟು ಹತ್ತಿರದಿಂದ ನೋಡಿದರೆ.

ಫೆಬ್ರವರಿ ೧, ಭಾನುವಾರ

ಬಿ.ಪಿ. ಇಳಿದಿದೆ ಎಂದರು ಡಾಕ್ಟರಮ್ಮ. ಹೊಸ ಮಾತ್ರೆ ಒಳ್ಳೆಯದು.

ಶುಕ್ರವಾರ ಹಾಸಿಗೆಯವರು ಅಂಗಡಿಗೆ ಬಂದಿದ್ದರು, ಸ್ಕ್ರೂ ಸಡಿಲವಾಗಿದೆಯೆಂದು. ಬಿಗಿ ಮಾಡಿಕೊಟ್ಟೆ. ಕೊಡುವಾಗ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. "ನಿಮ್ಮ ಲೆನ್ಸ್ ಮೊದಲೇ ಬಂದಿತ್ತು. ಕಂಪನಿಯವರು ತಡ ಮಾಡಲಿಲ್ಲ. ನಾನೇ ಇಟ್ಕೊಂಡಿದ್ದೆ."

ಅವರು ಕನ್ನಡಕ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ (ಹಾಗೆ ಒರೆಸಬಾರದೆಂದು ಎಷ್ಟು ಹೇಳಿದರೂ ಅಷ್ಟೇ), ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಹೌದಾ? ಹಾಗಾದ್ರೆ ನಿಮಗೆ ಅಂತ ತೆಗೆದಿಟ್ಟಿರೋ ದಿಂಬನ್ನ ನಾನೂ ತಡವಾಗೇ ಕಳಿಸ್ತೀನಿ ಸಾರ್."

ದಿಂಬು ಅವತ್ತೇ ಸಂಜೆ ಬಂತು. ಕೌಂಟರಿನ ಹಿಂದಿನ ಸ್ಟೂಲಿನ ಮೇಲೆ ಹಾಕಿಕೊಂಡಿದ್ದೇನೆ. ಮೆತ್ತಗಿದೆ, ಹಾಳಾದ್ದು.

ಮುಂದಿನ ತಿಂಗಳು ಕಿರಿಯರ ಸ್ಪರ್ಧೆ ಇದೆ. ಮರಿ ಮೂರು ಟಿಕೆಟ್ ತೆಗೆದುಕೋ ಎಂದಳು, ತೆಗೆದೆ. ನಡುವಿನ ಸೀಟು ಅವಳದು. ಹಾಸಿಗೆಯವರದು ಎಡಕ್ಕೆ, ನನ್ನದು ಬಲಕ್ಕೆ. ಮರಿ ಬಲಗೈಯವಳು. ಅದನ್ನು ನೋಡಿಯೇ ತೆಗೆದದ್ದು.